ಉಡುಪಿಯಲ್ಲಿ ಬೇಸಿಗೆ ರಜೆ: ಮಕ್ಕಳೊಂದಿಗೆ ಮಜವಾಗಿ ಏನು ಮಾಡಬಹುದು?

ಏಪ್ರಿಲ್, ಮೇ ಬಿಸಿಲನ್ನು ಬೈಯುವ ಬದಲು ಹಲಸಿನ ಹಪ್ಪಳ ಒತ್ತಿ. ಬಲಿತ, ಆದರೆ ಹಣ್ಣಾಗದ ಕಾಯಿಯೇ ಬೇಕು; ಸಿಹಿ ಹತ್ತಿದ ಸೊಳೆಯ ಹಪ್ಪಳ ಕರಿಯುವಾಗ ಕೆಂಪಾಗಿ ಸೀಯುತ್ತದೆ. 1 ಕಿಲೋ ಸೊಳೆಯನ್ನು ಹಬೆಯಲ್ಲಿ 15–20 ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಐದಾರು ಒಣಮೆಣಸು, 1 ಚಮಚ ಜೀರಿಗೆ, ಉಪ್ಪು ಸೇರಿಸಿ ನೀರು ಹಾಕದೆ ರುಬ್ಬಿ. ಉಪ್ಪು ಕಡಿಮೆಯೇ ಇರಲಿ, ಒಣಗಿದ ಮೇಲೆ ಮುಂದಾಗುತ್ತದೆ. ಹಿಟ್ಟು ಆರಿದರೆ ಗಟ್ಟಿಯಾಗಿ ಅಂಚು ಬಿರಿಯುತ್ತದೆ. ನಿಂಬೆ ಗಾತ್ರದ ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವುದು ಮಕ್ಕಳ ಕೆಲಸ, ಚಾಪೆಯ ಪಕ್ಕ ಕೂತು ಕಾಗೆ ಓಡಿಸುವುದೂ ಅವರದೇ (ಹಸಿ ಹಪ್ಪಳ ಖಾಲಿಯಾಗುವುದು ಕಾಗೆಯಿಂದ ಮಾತ್ರವಲ್ಲ!). ಮೊದಲ ದಿನ ಸಂಜೆ ಮಗುಚಿ, ಒಟ್ಟು ಮೂರು ಬಿಸಿಲು ಕೊಡಿ. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿದರೆ ಮಳೆಗಾಲಕ್ಕೆ ಬೂಷ್ಟು ಗ್ಯಾರಂಟಿ.

ಸಂಜೆಗೆ ಮಲ್ಪೆ ಕಡಲತೀರ ಇದ್ದೇ ಇದೆ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ದೋಣಿ ಹಿಡಿಯಿರಿ. ಅಲ್ಲಿನ ಶಿಲಾಕಂಬಗಳು ಮಧ್ಯಾಹ್ನ ಕಾದ ಕಾವಲಿಯಂತೆ. ಮಳೆಗಾಲದಲ್ಲಿ ದೋಣಿ ನಿಲ್ಲುವುದರಿಂದ ಮೇ ಕೊನೆಯವರೆಗೆ ಕಾಯಬೇಡಿ.