ಸಂಪಾದಕರ ಉತ್ತರ: ತಾಲೀಮಿಗೆ ಹೊರಟು ಮುಳುಗಿದ ಹಡಗು

ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ‘ಎಲ್‌ಎಸ್‌ಟಿ-507 ಎಂಬ ಅಮೆರಿಕನ್ ಹಡಗು ತಾಲೀಮಿನ ವೇಳೆ ಅಪಘಾತದಲ್ಲಿ ಮುಳುಗಿತು’ ಎಂಬ ಒಂದು ಸಾಲು ಬಂದಿತ್ತು. ಅದನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ತಾಲೀಮಿನಲ್ಲಿ ಅಷ್ಟು ದೊಡ್ಡ ಹಡಗು ಮುಳುಗಿದ್ದು ಹೇಗೆ? ಶತ್ರುವಿನ ದಡಕ್ಕೆ ಒಂದು ಟ್ಯಾಂಕನ್ನೂ ಇಳಿಸದ ಹಡಗಿನದು ಯುದ್ಧಸೇವೆ ಹೇಗಾಗುತ್ತದೆ?

ಮೊದಲು ಹಡಗಿನ ವಿಷಯ. ಎಲ್‌ಎಸ್‌ಟಿ ಅಂದರೆ ‘ಲ್ಯಾಂಡಿಂಗ್ ಶಿಪ್, ಟ್ಯಾಂಕ್’. ಬಂದರೇ ಇಲ್ಲದ ಕಡೆ ಟ್ಯಾಂಕು, ಲಾರಿಗಳನ್ನು ನೇರ ಮರಳಿನ ಮೇಲೆ ಇಳಿಸಲು ಕಟ್ಟಿದ ಹಡಗು ಇದು. ಉದ್ದ ಸುಮಾರು 328 ಅಡಿ, ತಳ ಚಪ್ಪಟೆ. ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ದಡ ಮುಟ್ಟುವಾಗ ಮೂತಿಯ ಬಳಿ ಸುಮಾರು 4 ಅಡಿ ಆಳದ ನೀರಿದ್ದರೆ ಸಾಕಿತ್ತು. ಇದೇ ಜಾತಿಯ ಬ್ರಿಟಿಷ್ ಹಡಗೊಂದು 1949ರಲ್ಲಿ ನಮ್ಮ ನೌಕಾಪಡೆಗೆ ಬಂದಾಗ ‘ಮಗರ್’ ಎಂಬ ಹೆಸರು ಪಡೆಯಿತು. ಮಗರ್ ಅಂದರೆ ಮೊಸಳೆ. ಬಾಯಿ ತೆರೆದು ದಡದಲ್ಲಿ ಕೂತ ಇಂಥ ಹಡಗಿನ ಫೋಟೊ ನೋಡಿದರೆ ಆ ಹೆಸರು ಎಷ್ಟು ಸರಿ ಅನ್ನಿಸುತ್ತದೆ.

507 ಹುಟ್ಟಿದ್ದು ಕಡಲಿನಿಂದ ಬಲು ದೂರ, ಇಂಡಿಯಾನಾ ರಾಜ್ಯದ ಜೆಫರ್ಸನ್‌ವಿಲ್‌ನಲ್ಲಿ, ಒಹಾಯೊ ನದಿಯ ದಂಡೆಯಲ್ಲಿ. 1944ರ ಜನವರಿ 10ಕ್ಕೆ ಸೇವೆಗೆ ಸೇರಿತು. ಏಪ್ರಿಲ್ 28ಕ್ಕೆ ಮುಳುಗಿತು. ನಾಲ್ಕು ತಿಂಗಳೂ ತುಂಬಲಿಲ್ಲ.

ಆ ರಾತ್ರಿ ಎಂಟು ಎಲ್‌ಎಸ್‌ಟಿಗಳು ಸಾಲಾಗಿ ಇಂಗ್ಲೆಂಡಿನ ಡೆವನ್ ತೀರದ ಸ್ಲಾಪ್ಟನ್ ಕಡೆ ಹೊರಟಿದ್ದವು. ನಾರ್ಮಂಡಿಯಲ್ಲಿ ಅಮೆರಿಕನ್ನರು ಇಳಿಯಬೇಕಿದ್ದ ‘ಯೂಟಾ’ ದಡವನ್ನು ಹೋಲುವ ಜಾಗ ಅದು. ಸುತ್ತಲಿನ ಹಳ್ಳಿಗಳ ಸುಮಾರು 3,000 ಜನ ಮನೆ ಮಠ ಖಾಲಿ ಮಾಡಿ ಈ ತಾಲೀಮಿಗೆ ದಾರಿ ಬಿಟ್ಟಿದ್ದರು. ಕಾವಲಿಗೆ ಇರಬೇಕಾಗಿದ್ದ ಡೆಸ್ಟ್ರಾಯರ್ ‘ಸಿಮಿಟಾರ್’ ಡಿಕ್ಕಿಯಾಗಿ ರಿಪೇರಿಗೆ ಹೋಗಿತ್ತು. ಉಳಿದದ್ದು ‘ಅಜೇಲಿಯಾ’ ಎಂಬ ಸಣ್ಣ ಯುದ್ಧನೌಕೆ ಒಂದೇ. ಅದು ಸಾಲದ್ದಕ್ಕೆ ಎಲ್‌ಎಸ್‌ಟಿಗಳಿಗೆ ಕೊಟ್ಟ ರೇಡಿಯೊ ತರಂಗಾಂತರವೇ ತಪ್ಪು. ಬ್ರಿಟಿಷರ ಎಚ್ಚರಿಕೆ ಅವುಗಳ ಕಿವಿಗೆ ಬೀಳಲೇ ಇಲ್ಲ.

ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ಬಂದರು ಶೆರ್ಬೋರ್ಗ್‌ನಿಂದ ಬಂದ ಒಂಬತ್ತು ಜರ್ಮನ್ ಟಾರ್ಪಿಡೊ ದೋಣಿಗಳು ನಡುರಾತ್ರಿ ಎರಡು ಗಂಟೆ ದಾಟುತ್ತಿದ್ದಂತೆ ದಾಳಿ ಮಾಡಿದವು. ಟಾರ್ಪಿಡೊ ಬಡಿದ ಕೂಡಲೇ 507ರ ಕರೆಂಟು ಹೋಯಿತು. ಒಳಗೆ ಪೆಟ್ರೋಲ್ ತುಂಬಿಸಿಕೊಂಡು ನಿಂತ ಲಾರಿಗಳು ಹೊತ್ತಿಕೊಂಡವು. ಬೆಂಕಿ ಆರಿಸೋಣವೆಂದರೆ ಪಂಪು ನಡೆಯುತ್ತಿಲ್ಲ. ಪಕ್ಕದ 531 ಆರೇ ನಿಮಿಷದಲ್ಲಿ ಮುಳುಗಿತು. ಮೂರನೆಯದಾದ 289 ಹಿಂಭಾಗ ಛಿದ್ರವಾದರೂ ಹೇಗೋ ಡಾರ್ಟ್‌ಮತ್ ಬಂದರು ಸೇರಿತು.

ನನ್ನನ್ನು ಜಾಸ್ತಿ ಕಾಡುವುದು ಆ ಲೈಫ್ ಬೆಲ್ಟು. ಟ್ಯೂಬಿನಂತೆ ಗಾಳಿ ತುಂಬುವ ಪಟ್ಟಿ ಅದು. ಕಟ್ಟಿಕೊಳ್ಳಬೇಕಾದದ್ದು ಕಂಕುಳ ಕೆಳಗೆ. ಎಷ್ಟೋ ಸೈನಿಕರಿಗೆ ಅದನ್ನು ಯಾರೂ ಸರಿಯಾಗಿ ಕಲಿಸಿರಲಿಲ್ಲ. ಬೆನ್ನ ಮೇಲೆ ಭಾರದ ಚೀಲ ಇತ್ತಲ್ವಾ, ಹಾಗಾಗಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನೀರಿಗೆ ಹಾರಿದಾಗ ಸೊಂಟ ಮೇಲೆ, ತಲೆ ಕೆಳಗೆ. ಜೀವ ಉಳಿಸಬೇಕಾದ ಪಟ್ಟಿಯೇ ಮುಳುಗಿಸಿತು. ಇನ್ನೆಷ್ಟೋ ಜನ ಕೊರೆಯುವ ನೀರಿನಲ್ಲಿ ಸೆಟೆದು ಹೋದರು. ಎಲ್‌ಎಸ್‌ಟಿ-515ರ ಕ್ಯಾಪ್ಟನ್ ಜಾನ್ ಡಾಯ್ಲ್ ಅಪಾಯ ಲೆಕ್ಕಿಸದೆ ಹಡಗು ತಿರುಗಿಸಿ, ನೀರಿನಲ್ಲಿದ್ದವರನ್ನು ಎತ್ತಿಕೊಂಡರು. ಅಮೆರಿಕದ ನೌಕಾಪಡೆ ಕೊಡುವ ಲೆಕ್ಕದಲ್ಲಿ ಆ ರಾತ್ರಿ ಸತ್ತವರು 749.

ಮುಂದಿನ ನಾರ್ಮಂಡಿ ದಾಳಿಯ ಗುಟ್ಟು ಹೊರಬೀಳಬಾರದೆಂದು ಬದುಕಿ ಬಂದವರ ಬಾಯಿ ಕಟ್ಟಿದರು. ಆದರೆ ತಪ್ಪುಗಳನ್ನು ತಿದ್ದಿಕೊಂಡರು. ಎಲ್ಲ ಹಡಗಿಗೂ ಒಂದೇ ರೇಡಿಯೊ ತರಂಗಾಂತರ ಬಂತು. ಬೆಲ್ಟು ಕಟ್ಟುವುದನ್ನು ಕಲಿಸಿದರು. ಬಿದ್ದವರನ್ನು ಎತ್ತಲು ಸಣ್ಣ ದೋಣಿಗಳು ಸಿದ್ಧವಾದವು. ಜೂನ್ 6ರಂದು ಯೂಟಾ ದಡಕ್ಕೆ ಇಳಿದವರಿಗೆ ಇವೆಲ್ಲ ಸಿಕ್ಕಿದ್ದು ಆ 749 ಜನರಿಂದ. ಇದು ಯುದ್ಧಸೇವೆಯೇ. ನನಗೆ ಅನುಮಾನವಿಲ್ಲ.

1984ರಲ್ಲಿ ಕೆನ್ ಸ್ಮಾಲ್ ಎಂಬ ಸ್ಥಳೀಯರು ಅದೇ ತೀರದ ಕಡಲಿನಿಂದ ಒಂದು ಶೆರ್ಮನ್ ಟ್ಯಾಂಕನ್ನು ಮೇಲೆತ್ತಿಸಿದರು. ಅದೀಗ ಟಾರ್‌ಕ್ರಾಸ್ ಊರಿನಲ್ಲಿ ಸ್ಮಾರಕವಾಗಿ ನಿಂತಿದೆ.

ತಪ್ಪು ನಮ್ಮದು. ಅದು ಅಪಘಾತವಲ್ಲ. ಆ ಸಾಲನ್ನು ದಯವಿಟ್ಟು ಹೀಗೆ ತಿದ್ದಿ ಓದಿಕೊಳ್ಳಿ: ‘ಎಲ್‌ಎಸ್‌ಟಿ-507 ಜರ್ಮನ್ ಟಾರ್ಪಿಡೊ ದಾಳಿಯಲ್ಲಿ ಮುಳುಗಿತು.’

— ಸಂ.