ಪ್ರತಿಕ್ರಿಯೆ: ಪಚ್ಚಿಲೆ ಸಾಯುತ್ತಿರುವುದು ಸಮುದ್ರ ಆಮ್ಲವಾಗುತ್ತಿರುವುದರಿಂದಲಾ?

ಜೂನ್ ಕೊನೆಗೆ ಅಳಿವೆಯಲ್ಲಿ (ನದಿ ಸಮುದ್ರ ಸೇರುವಲ್ಲಿ) ಹಗ್ಗಕ್ಕೆ ಕಟ್ಟಿ ಬೆಳೆಸಿದ ಪಚ್ಚಿಲೆ (ಒಂದು ಜಾತಿಯ ಚಿಪ್ಪುಜೀವಿ) ಬಾಯಿ ತೆರೆದು ಸಾಯುತ್ತಿವೆ, ಚಿಪ್ಪೂ ತೆಳು ಅಂದಿರಲ್ಲ, ಅದು ಹೆಚ್ಚಾಗಿ ಅಳಿವೆಯ ಉಪ್ಪು ಇಳಿಸುವ ಮಳೆನೀರಿನ ಕೆಲಸ. ಹೊಗೆಯ ಇಂಗಾಲದ ಡೈಆಕ್ಸೈಡ್ ಸೇರಿ ಸಮುದ್ರದ ಪಿಹೆಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ) ಇನ್ನೂರು ಚಿಲ್ಲರೆ ವರ್ಷದಲ್ಲಿ 8.2ರಿಂದ 8.1ರ ಆಸುಪಾಸಿಗೆ ಇಳಿದಿದೆ, ಚಿಪ್ಪು ಕಟ್ಟುವ ಮರಿಗಳಿಗೆ ಅದು ಕಷ್ಟವೇ, ಆದರೆ ಅಳಿವೆಯಲ್ಲಿ ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ ಏರಿಳಿತ ಆಗುತ್ತದೆ.

ಮೊದಲು ಇಳಿತ, ಉಬ್ಬರ ಎರಡರಲ್ಲೂ ಹಗ್ಗದ ಆಳದ ನೀರು ತೆಗೆದು ಉಪ್ಪಿನಂಶ, ಪಿಹೆಚ್ ಒಂದು ವಾರ ಬರೆದಿಡಿ. ಮೀಟರ್ ಬೇಕು, ಲಿಟ್ಮಸ್ ಕಾಗದ ಸುಮ್ನೆ ದಂಡ. ಉಪ್ಪು ತೀರಾ ಇಳಿದಿದ್ದರೆ ಬದುಕಿರುವುದನ್ನು ಈಗಲೇ ಕಿತ್ತು ಮಾರಿಬಿಡಿ. ಮುಂದಿನ ಸಲ ನವೆಂಬರ್, ಡಿಸೆಂಬರಲ್ಲಿ ಬೀಜ (ಪಚ್ಚಿಲೆ ಮರಿ) ಹಗ್ಗಕ್ಕೆ ಕಟ್ಟಿ ಮೇ ಒಳಗೆ ಕೊಯ್ಲು ಮುಗಿಸಿ. ಉಪ್ಪು ಸರಿಯಿದ್ದೂ ಸಾಯುತ್ತಿದ್ದರೆ ರೋಗ ಇರಬಹುದು, ನಾಲ್ಕೈದು ಜೀವಂತ ಪಚ್ಚಿಲೆಯನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಒಯ್ದು ತೋರಿಸಿ.