ಎಲ್ಲಾ ಮಾತನ್ನೂ ಎರಡೆರಡು ಸಲ ಹೇಳ್ತಿದ್ದ ಮಗು

(ಗುರುತು ಸಿಗಬಾರ್ದು ಅಂತ ವಿವರಗಳನ್ನ ಬದಲಾಯಿಸಿದ್ದೀನಿ)

ಗಂಡ ಹೆಂಡತಿ ಇಬ್ರೂ ಕೆಲಸದಲ್ಲಿರೋರು, ಆರು ವರ್ಷದ ಮಗಳು. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ಮಗಳ ವಿಷಯಕ್ಕೇ, ಪ್ರತಿ ಮಾತನ್ನೂ ಎರಡೆರಡು ಸಲ ಹೇಳ್ತಾಳೆ, ಮಾತಿನ ತೊಂದರೆ ಏನಾದ್ರೂ ಇದ್ಯಾ ಅಂತ ಭಯ. ಸ್ಕೂಲಲ್ಲಿ ಕೇಳಿ ನೋಡಿ ಅಂದೆ, ಅಲ್ಲಿ ಒಂದೇ ಸಲ ಹೇಳ್ತಾಳಂತೆ. ಅಲ್ಲೂ ಹಾಗೇ ಇದ್ದಿದ್ರೆ ಕಿವಿ, ಮಾತು ಎರಡೂ ಟೆಸ್ಟ್ ಮಾಡ್ಸಿ ಅಂತಿದ್ದೆ. ಮನೇಲಿ ಮಾತ್ರ ಅಂದ್ರೆ ಮೊದಲ್ನೇ ಸಲ ಹೇಳಿದ್ದು ಯಾರ ಕಿವಿಗೂ ಬೀಳ್ತಿಲ್ಲ ಅಂತ ಮಗು ಲೆಕ್ಕ ಹಾಕ್ಕೊಂಡಿದೆ ಅಷ್ಟೇ.

ಹೆಂಡತಿ ಅಳೋಕೇ ಶುರು ಮಾಡಿದ್ರು, ತಪ್ಪೆಲ್ಲಾ ನಂದೇ, ರಾತ್ರಿ ಊಟ ಆದ್ಮೇಲೂ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿರ್ತೀನಿ ಅಂತ. ಗಂಡ ಪಕ್ಕದಲ್ಲೇ, 'ನಾನು ಆರೂವರೆಗೆ ಕ್ಲೋಸ್ ಮಾಡ್ತೀನಿ ಮೇಡಂ, ಕೆಲಸಕ್ಕೂ ಮನೆಗೂ ನಡುವೆ ನಂಗೆ ಬೌಂಡರಿ ಕ್ಲಿಯರ್ ಇದೆ' ಅಂದ್ರು. ಹಗಲಲ್ಲಿ ಮನೆ ವಿಷಯದ ಫೋನ್ ಯಾರಿಗೆ ಬರತ್ತೆ ಅಂತ ಕೇಳ್ದೆ. ಸ್ಕೂಲ್ ಫಾರಂನಲ್ಲಿ ಮೊದಲ್ನೇ ನಂಬರ್ ಅಮ್ಮಂದು, ಡಾಕ್ಟರ್ ಹತ್ರಾನೂ ಅಮ್ಮಂದೇ, ಸ್ಕೂಲ್ ವ್ಯಾನ್ ಡ್ರೈವರ್ ಹತ್ರಾನೂ ಅಷ್ಟೇ. ಆಕೆ ಕೆಲಸ ಹಗಲೆಲ್ಲಾ ಚೂರು ಚೂರಾಗಿ, ಉಳಿದಿದ್ದು ರಾತ್ರಿಗೆ ಬೀಳ್ತಿದೆ, ಮಗು ಮಾತಾಡೋದೂ ಅದೇ ಹೊತ್ತಲ್ಲಿ. ನಿಮ್ಮ ಬಾಗಿಲು ಮುಚ್ಕೊಂಡಿರೋದು ಹೊರಗಡೆ ಇವ್ರು ನಿಂತಿರೋದ್ರಿಂದ ಸಾರ್, ಅಂತ ನೇರವಾಗೇ ಹೇಳ್ದೆ. ಮುಖ ಚಿಕ್ಕದಾಯ್ತು, ಆಗ್ಲಿ.

ಮೊದಲು ಕೊಟ್ಟ ಸಲಹೆ, ಸ್ಕೂಲ್ ಫಾರಂನಲ್ಲಿ ಮೊದಲ್ನೇ ನಂಬರ್ ಅಪ್ಪಂದು ಮಾಡಿ. ಮೀಟಿಂಗ್ ನಡುವೆ ಒಂದ್ಸಲ ಫೋನ್ ಬಂದ್ರೇನೇ ಅರ್ಥ ಆಗೋದು, ನೂರು ಸಲ ಹೇಳಿದ್ರೂ ಆಗಲ್ಲ.

ಆಕೆಗೆ ಬೇರೆ ಹೇಳ್ದೆ. ಅರ್ಧಕ್ಕೆ ಬಿಟ್ಟ ಕೆಲಸ ತಲೇಲೇ ಸುತ್ತುತ್ತಾ ಮುಂದಿನದಕ್ಕೆ ಗಮನ ಕೊಡೋಕೆ ಬಿಡಲ್ಲ, ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲೇ ಇದರ ಬಗ್ಗೆ ಬರ್ದಿದ್ದಾರೆ. ಅದಕ್ಕೇ ಕೆಲಸ ನಿಲ್ಸೋ ಮುಂಚೆ ಎಲ್ಲಿಗೆ ಬಿಟ್ಟೆ, ನಾಳೆ ಎಲ್ಲಿಂದ ಶುರು ಅಂತ ಎರಡು ಸಾಲು ಬರ್ದಿಡಿ. ರಾತ್ರಿ ಕೂರ್ಲೇಬೇಕು ಅಂದ್ರೆ ಮಗಳಿಗೆ ಹೇಳಿ ಬೇರೆ ರೂಮಿಗೆ ಹೋಗಿ, ಪಕ್ಕದಲ್ಲೇ ಕೂತು 'ಹ್ಞೂಂ ಹ್ಞೂಂ' ಅನ್ನೋದಕ್ಕಿಂತ ಅದು ಎಷ್ಟೋ ವಾಸಿ. ಟೀಮಿಗೂ ಹೇಳಿಡಿ, ರಾತ್ರಿ ಮೆಸೇಜ್ ನೋಡಲ್ಲ, ಅರ್ಜೆಂಟ್ ಇದ್ರೆ ಕಾಲ್ ಮಾಡಿ ಅಂತ. ಕಾಲ್ ಮಾಡ್ಬೇಕು ಅಂದ್ರೆ ಅರ್ಧಕ್ಕರ್ಧ ಅರ್ಜೆಂಟು ತಾನಾಗೇ ಕರಗತ್ತೆ.

ಕೆಲವು ವಾರ ಬಿಟ್ಟು ಬಂದ್ರು, ಮಗಳು ಅಮ್ಮನ ಹತ್ರ ಎರಡೆರಡು ಸಲ ಹೇಳೋದು ಕಮ್ಮಿ ಆಗಿದೆ. ಸ್ಕೂಲಿಂದ ಫೋನ್ ಈಗ ಅಪ್ಪಂಗೇ ಬರತ್ತೆ, ಅವ್ರು ತಕ್ಷಣ ಹೆಂಡತಿಗೆ ಫೋನ್ ಮಾಡಿ 'ಏನ್ ಮಾಡ್ಲಿ' ಅಂತ ಕೇಳ್ತಾರಂತೆ. ಮುಂದಿನ ಸಿಟ್ಟಿಂಗ್ ಅದಕ್ಕೇ ಇಟ್ಕೊಂಡಿದ್ದೀವಿ.